ಬೀಟೆ ಹಲಗೆಯ ಲೆಕ್ಕಪುಸ್ತಕ

ಮೈಸೂರಿನ ಇನ್‌ಲೇ ಕಸುಬಿಗೆ ಸೈಟಿಸ್ ಒಪ್ಪಂದ, ಅಂದರೆ ಅಳಿವಿನ ಭಯವಿರುವ ಪ್ರಾಣಿ, ಗಿಡಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದ, ಹೊಸದೇನಲ್ಲ. ನಮ್ಮ ಹಿರಿಯರು ಬೀಟೆ ಹಲಗೆಯಲ್ಲಿ ಕೂರಿಸುತ್ತಿದ್ದದ್ದು ಆನೆದಂತ. ಏಷ್ಯಾದ ಆನೆ 1975ರಲ್ಲೇ ಒಪ್ಪಂದದ ಅತಿ ಬಿಗಿಯಾದ ಪಟ್ಟಿ, ಒಂದನೇ ಅನುಬಂಧಕ್ಕೆ ಸೇರಿತು, ಮುಂದೆ ದೇಶದೊಳಗೂ ದಂತದ ವ್ಯಾಪಾರ ನಿಂತಿತು. ದಂತದ ಜಾಗಕ್ಕೆ ಹಲಸಿನ ಹಳದಿಯೂ ಬೇರೆ ಬಣ್ಣದ ಮರಗಳೂ ಬಂದವು, ಕಸುಬು ಉಳಿಯಿತು. 2017ರ ಜನವರಿ 2ರಂದು ಬೀಟೆಯೂ ಸೇರಿದ ಡಾಲ್ಬರ್ಜಿಯಾ ಕುಲದ ಎಲ್ಲ ಮರಗಳೂ ಒಪ್ಪಂದದ ನಿಯಂತ್ರಣಕ್ಕೆ ಬಂದಾಗ ಮಾತ್ರ ಪೆಟ್ಟು ಬಿದ್ದದ್ದು ಹಲಗೆಗೇ. ಬೀಟೆ ಬಿಟ್ಟರೆ ಅದು ಮೈಸೂರು ಇನ್‌ಲೇ ಹೇಗಾದೀತು?

ಇಡೀ ಕುಲವನ್ನೇ ಸೇರಿಸಿದ್ದು ಯಾಕೆ ಅಂತ ಆಗ ಬಹಳ ಜನ ಗೊಣಗಿದರು. ನನಗೆ ಅದು ಸರಿ ಅನಿಸಿತ್ತು, ಈಗಲೂ ಅನಿಸುತ್ತದೆ. ಚೀನಾದ ಕೆಂಪು ಮರದ ಪೀಠೋಪಕರಣದ ಹಸಿವಿಗೆ ಮಡಗಾಸ್ಕರ್‌ನ ಕಾಡೂ ಥಾಯ್ಲೆಂಡಿನ ಕಾಡೂ ಕದ್ದು ಕಡಿಸಿಕೊಂಡವು. ಕೊಯ್ದ ಹಲಗೆ ಯಾವ ಜಾತಿಯದು, ಯಾವ ದೇಶದ್ದು ಅಂತ ಬಂದರಿನಲ್ಲಿ ನೋಡಿ ಹೇಳುವುದು ನುರಿತವರಿಗೂ ಕಷ್ಟ.

ನಿಯಂತ್ರಣ ಬಂದಾಗ ನಾನು ಮೊದಲು ಹಿಡಿದದ್ದು ಲೆಕ್ಕಪುಸ್ತಕ. ಅರಣ್ಯ ಇಲಾಖೆಯ ಡಿಪೋ ಹರಾಜಿನಲ್ಲಿ ಕೊಂಡ ದಿಮ್ಮಿಗೆ ಇಲಾಖೆ ಸುತ್ತಿಗೆಯಿಂದ ಒತ್ತಿದ ಹ್ಯಾಮರ್ ಗುರುತು ಇರುತ್ತದೆ, ಬಿಲ್ಲು ಮತ್ತು ಸಾಗಣೆ ಪರವಾನಗಿ ಇರುತ್ತದೆ. ಸಾಮಿಲ್ಲಿಗೆ ಹೋದ ಗಳಿಗೆಯಲ್ಲಿ ಆ ಗುರುತು ಮಾಯ. ಹಲಗೆಯ ಮೈಮೇಲೆ ಅದು ಎಲ್ಲಿಂದ ಬಂತು ಅನ್ನುವುದಕ್ಕೆ ಏನೂ ಉಳಿಯುವುದಿಲ್ಲ. ಆದ್ದರಿಂದ ಪ್ರತಿ ದಿಮ್ಮಿಗೂ ಒಂದು ಸಂಖ್ಯೆ ಕೊಟ್ಟು, ಕೊಯ್ದ ಹಲಗೆಗಳ ತುದಿಗೆ ಅದೇ ಸಂಖ್ಯೆಯನ್ನು ಲೋಹದ ಅಚ್ಚಿನಿಂದ ಒತ್ತಿಸಿದೆ. ಸೀಮೆಸುಣ್ಣ, ಪೆನ್ಸಿಲ್ಲು ಉಜ್ಜುಕಾಗದಕ್ಕೆ ನಿಲ್ಲುವುದಿಲ್ಲ. ಎಷ್ಟು ಘನ ಅಡಿ ಒಳಗೆ ಬಂತು, ಎಷ್ಟು ಹಲಗೆ ಆಯಿತು, ಎಷ್ಟು ಹೊಟ್ಟು ಹೋಯಿತು ಎಲ್ಲವನ್ನೂ ಬರೆಯುತ್ತೇವೆ. ತುಂಡುಗಳದ್ದೇ ದೊಡ್ಡ ತಲೆನೋವು. ಬೀಟೆಯ ಅಂಗೈಯಗಲದ ತುಂಡನ್ನೂ ನಮ್ಮ ಕೆಲಸಗಾರರು ಎಸೆಯುವವರಲ್ಲ. ಈಗ ತುಂಡುಗಳೂ ದಿಮ್ಮಿಯ ಸಂಖ್ಯೆ ಬರೆದ ಬೇರೆ ಬೇರೆ ಚೀಲಗಳಲ್ಲಿರುತ್ತವೆ.

ಈ ಪುಸ್ತಕ ಇದ್ದದ್ದರಿಂದಲೇ ವೃಕ್ಷ್ ಪ್ರಮಾಣಪತ್ರದ ಕೆಲಸ ಸಲೀಸಾಯಿತು. ಕರಕುಶಲ ವಸ್ತುಗಳ ರಫ್ತು ಉತ್ತೇಜನ ಮಂಡಳಿ ನಡೆಸುವ ವ್ಯವಸ್ಥೆ ಅದು. ಮರ ಕಾನೂನುಬದ್ಧವಾಗಿ ಬಂದದ್ದೇ ಅಂತ ಕಾಗದ ನೋಡಿ ಖಚಿತಪಡಿಸುತ್ತಾರೆ. ಇನ್‌ವಾಯ್ಸಿನಲ್ಲಿ ಬರೀ ‘ರೋಸ್‌ವುಡ್’ ಅಂತ ಬರೆಯಬೇಡಿ. ‘ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ’ ಅಂತ ಬೀಟೆಯ ಪೂರ್ತಿ ವೈಜ್ಞಾನಿಕ ಹೆಸರು ಬೇಕು.

ನಂತರದ್ದು ತೂಕದ ಕತೆ. ಸೈಟಿಸ್‌ನ 2019ರ ಜಿನೀವಾ ಸಭೆ ಈ ಮರದ ಸಿದ್ಧವಸ್ತುಗಳಿಗೆ ಕಾಗದಪತ್ರದಿಂದ ವಿನಾಯಿತಿ ಕೊಟ್ಟಿತು, ಆದರೆ ಒಂದು ರವಾನೆಗೆ 10 ಕಿಲೋ ಮಿತಿ. ಗಿಟಾರ್ ಮಾಡುವವರಿಗೆ ಆ ಮಿತಿಯೂ ಇಲ್ಲ, ಸಂಗೀತ ವಾದ್ಯಗಳನ್ನು ಅದೇ ಸಭೆಯಲ್ಲಿ ಹೊರಗಿಟ್ಟರು. ದೊಡ್ಡ ಕಂಪನಿಗಳ ದನಿ ಎಷ್ಟು ದೂರ ಕೇಳಿಸುತ್ತದೆ ನೋಡಿ! ಮೂರಡಿಗೆ ಎರಡಡಿ, ಅರ್ಧ ಇಂಚು ದಪ್ಪದ ಒಂದು ಬೀಟೆ ಫಲಕವೇ ಸುಮಾರು 6 ಕಿಲೋ. ಎರಡು ಫಲಕ ಇಟ್ಟರೆ ಮಿತಿ ದಾಟಿತು. ಭಾರತ ಈ ತೊಂದರೆಯನ್ನು 2022ರ ಪನಾಮಾ ಸಭೆಯಲ್ಲಿ ಎತ್ತಿದ ಮೇಲೆ ಅರ್ಥ ಸ್ಪಷ್ಟವಾಯಿತು: 10 ಕಿಲೋ ಅನ್ನುವುದು ಇಡೀ ರವಾನೆಗಲ್ಲ, ಒಂದೊಂದು ವಸ್ತುವಿನಲ್ಲಿರುವ ಆ ಮರಕ್ಕೆ. ಹಿತ್ತಾಳೆ ಹಿಡಿ, ಹಲಸಿನ ತುಣುಕು ಲೆಕ್ಕಕ್ಕಿಲ್ಲ. ಈಗ ನಾನು ಪಾಲಿಶ್‌ಗೆ ಮುಂಚೆ, ಹಿಡಿ ಕೂರಿಸುವ ಮುಂಚೆ, ಬೀಟೆಯನ್ನಷ್ಟೇ ತೂಗಿ ಬರೆದಿಡುತ್ತೇನೆ. ಅದೇ ಅಳತೆಯ ಹಲಗೆ ಒಂದು ಇಂಚು ದಪ್ಪವಾದರೆ 12 ಕಿಲೋ ಆಗುತ್ತದೆ. ಅಂಥ ಟೀಪಾಯಿ ಮೇಲ್ಮೈಗೆ ಕಾಗದಪತ್ರ ಬೇಕೇ ಬೇಕು, ಗಿರಾಕಿಗೆ ಮೊದಲೇ ಹೇಳಿಬಿಡುತ್ತೇನೆ.

ಯೊಕೊಹಾಮಾದಲ್ಲಿ ಉಷ್ಣವಲಯದ ಮರಕ್ಕೇ ಒಂದು ಅಂತರರಾಷ್ಟ್ರೀಯ ಸಂಸ್ಥೆ ಇದೆ, ಐಟಿಟಿಒ. ಭಾರತವೂ ಸದಸ್ಯ. ನಮ್ಮ ವರ್ಕ್‌ಶಾಪಿನ ಮಟ್ಟಕ್ಕೆ ಅದರ ಬಿಸಿ ತಟ್ಟಿಲ್ಲ. ತಟ್ಟುತ್ತಿರುವುದು ಯುರೋಪಿನ ಕಾನೂನು. 2023ರಲ್ಲಿ ಬಂದ ಅರಣ್ಯನಾಶ ತಡೆ ನಿಯಮ ಮರ ಬೆಳೆದ ಜಾಗದ ಅಕ್ಷಾಂಶ, ರೇಖಾಂಶ ಕೇಳುತ್ತದೆ. ಜಾರಿಯ ದಿನಾಂಕ ಮುಂದೆ ಹೋಗುತ್ತಲೇ ಇದೆ, ಗಿರಾಕಿಗಳು ಮಾತ್ರ ಈಗಲೇ ಕೇಳತೊಡಗಿದ್ದಾರೆ. ನನ್ನ ಪುಸ್ತಕದಲ್ಲಿ ಅದಕ್ಕೂ ಒಂದು ಕಾಲಂ ಎಳೆದಿದ್ದೇನೆ. ಖಾಸಗಿ ಹಿಡುವಳಿಯ ಮರಕ್ಕೆ ಸರ್ವೆ ನಂಬರಿನಿಂದ ಜಾಗ ಗುರುತಿಸಬಹುದು. ಡಿಪೋದ ಹಳೇ ದಿಮ್ಮಿಗಳ ಸಾಲಿನಲ್ಲಿ ಸದ್ಯಕ್ಕೆ ಅರಣ್ಯ ವಲಯದ ಹೆಸರಷ್ಟೇ ಇದೆ.