ಮದುವೆಯ ಮಾತು ಕೊಟ್ಟು ವಂಚಿಸಿದಾಗ ದೂರು ಬರೆಯುವುದು ಹೇಗೆ?

ಮದುವೆಯಾಗುತ್ತೇನೆಂದು ನಂಬಿಸಿ, ದೈಹಿಕ ಸಂಬಂಧ ಬೆಳೆಸಿ, ಕಡೆಗೆ ಕೈಬಿಟ್ಟವನ ಮೇಲೆ ದೂರು ಕೊಡುವ ಹೆಣ್ಣುಮಗಳು ಮೊದಲು ಯೋಚಿಸಬೇಕಾದದ್ದು ಒಂದೇ: ಆ ಮಾತು ಕೊಟ್ಟ ದಿನವೇ ಸುಳ್ಳಾಗಿತ್ತೇ, ಇಲ್ಲವೇ ಅಂದು ನಿಜವಾಗಿದ್ದು ಆಮೇಲೆ ಮುರಿದುಬಿತ್ತೇ? ಆರಂಭದಿಂದಲೂ ಮದುವೆಯಾಗುವ ಉದ್ದೇಶವಿಲ್ಲದೆ ಕೊಟ್ಟ ಮಾತು, ಮತ್ತು ಅದನ್ನು ನಂಬಿದ್ದರಿಂದಲೇ ಆಕೆ ಒಪ್ಪಿದ್ದು, ಇವೆರಡನ್ನೂ ನ್ಯಾಯಾಲಯ ನೋಡುತ್ತದೆ. 2003ರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ, ಜಾತಿ ಬೇರೆಯಾದ್ದರಿಂದ ಮದುವೆಗೆ ವಿರೋಧ ಬರುವುದು ಆಕೆಗೂ ತಿಳಿದಿತ್ತೆಂಬುದನ್ನು ಗಮನಿಸಿ ಸುಪ್ರೀಂ ಕೋರ್ಟ್ ಆರೋಪಿಯನ್ನು ಬಿಡುಗಡೆ ಮಾಡಿತು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 69ನೇ ಕಲಂ, ಮದುವೆಯ ಸುಳ್ಳು ಭರವಸೆ, ಕೆಲಸ ಅಥವಾ ಬಡ್ತಿಯ ಆಮಿಷ, ಗುರುತು ಮರೆಮಾಚಿ ಮದುವೆಯಾಗುವುದು, ಇವುಗಳಿಂದ ಪಡೆದ ಸಂಬಂಧವನ್ನು, ಅದು ಅತ್ಯಾಚಾರದ ವ್ಯಾಖ್ಯೆಗೆ ಬಾರದಿದ್ದರೂ, 10 ವರ್ಷದವರೆಗಿನ ಸೆರೆವಾಸಕ್ಕೆ ಗುರಿಯಾಗುವ ಅಪರಾಧವೆಂದು ಹೇಳುತ್ತದೆ. ಅದಕ್ಕೆ ಹಿಂದಿನ ಘಟನೆಗಳಿಗೆ ಹಳೆಯ ಭಾರತೀಯ ದಂಡ ಸಂಹಿತೆಯೇ (ಐಪಿಸಿ) ಅನ್ವಯಿಸುತ್ತದೆ. ಹದಿನೆಂಟು ತುಂಬದವರ ವಿಷಯದಲ್ಲಿ ಸಮ್ಮತಿಯ ಚರ್ಚೆಯೇ ಇಲ್ಲ. ಅಲ್ಲಿ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೋ ಕಾಯ್ದೆ ಬರುತ್ತದೆ.

ದೂರಿನಲ್ಲಿ "ಮೋಸ ಮಾಡಿದ" ಎಂದಷ್ಟೇ ಬರೆದರೆ ಸಾಲದು. "ಸಕಲೇಶಪುರದ ಬಸ್ ನಿಲ್ದಾಣದಲ್ಲಿ ಇಂಥ ದಿನ ಮದುವೆಯ ಮಾತಾಡಿದ, ಆಗಲೇ ಅವನಿಗೆ ಬೇರೆ ಹೆಣ್ಣಿನೊಂದಿಗೆ ನಿಶ್ಚಿತಾರ್ಥವಾಗಿತ್ತು, ಅದು ನನಗೆ ತಿಳಿದದ್ದು ಇಂಥ ದಿನ" ಎಂದು ಬರೆದರೆ, ಸುಳ್ಳು ಯಾವಾಗ ಹುಟ್ಟಿತೆಂಬುದು ಓದುವವರಿಗೆ ನೇರವಾಗಿ ಕಾಣುತ್ತದೆ. ಹೀಗೆ ಬರೆಯುವುದು ನೋವಿನ ಕೆಲಸ. ಆದರೂ ಒಂದು ಸಂಜೆ ಕುಳಿತು, ನಂಬುವವರೊಬ್ಬರನ್ನು ಜೊತೆಗಿಟ್ಟುಕೊಂಡು ಬರೆಯಿರಿ. ಸಿಟ್ಟಿನಲ್ಲಿ ವಾಟ್ಸಾಪ್ ಸಂದೇಶಗಳನ್ನು ಅಳಿಸಬೇಡಿ, ಆ ಫೋನನ್ನು ಬದಲಾಯಿಸಲೂ ಬೇಡಿ. ಸ್ಕ್ರೀನ್‌ಶಾಟ್‌ಗಿಂತ ಮೂಲ ಫೋನಿಗೇ ಹೆಚ್ಚು ಬೆಲೆ.

ಘಟನೆ ಬೆಂಗಳೂರಿನಲ್ಲಿ ನಡೆದಿದ್ದರೂ ಹಾಸನದ ಠಾಣೆಯಲ್ಲೇ ಜೀರೋ ಎಫ್‌ಐಆರ್, ಅಂದರೆ ಘಟನೆ ತನ್ನ ವ್ಯಾಪ್ತಿಯಲ್ಲಿ ನಡೆಯದಿದ್ದರೂ ಠಾಣೆ ದಾಖಲಿಸಿಕೊಳ್ಳುವ ಮೊದಲ ಮಾಹಿತಿ ವರದಿ, ದಾಖಲಿಸಬಹುದು. ಅದರ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಠಾಣೆಯಲ್ಲಿ ದೂರು ದಾಖಲಿಸಿಕೊಳ್ಳದಿದ್ದರೆ ಅದನ್ನೇ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳುಹಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ನೇಮಿಸಿಕೊಡುತ್ತದೆ, ಅದರ ಸಹಾಯವಾಣಿ 15100. ಠಾಣೆಗೆ ಹೋಗುವ ಮೊದಲೇ ಈ ವಕೀಲರಿಗೆ ನಿಮ್ಮ ಬರಹವನ್ನು ತೋರಿಸಿ.