ಹಳೇ ಫಿಲ್ಮ್ ರೀಲು ಸಿಕ್ಕಿತೇ? ಪ್ರೊಜೆಕ್ಟರ್‌ಗೆ ಹಾಕಬೇಡಿ

ಹಳೇ ಪೆಟ್ಟಿಗೆಯಲ್ಲಿ ರೀಲು ಸಿಕ್ಕಿದ ತಕ್ಷಣ ಎಲ್ಲರೂ ಪ್ರೊಜೆಕ್ಟರ್ ಹುಡುಕಲು ಓಡುತ್ತಾರೆ. ಹಾಗೆ ಓಡಿಸಿದ ಒಂದು ರೀಲು ನನ್ನ ಕಣ್ಣೆದುರೇ ಹಾಳಾಯಿತು. ಕಾರ್ಖಾನೆಯ ಊಟದ ಬಿಡುವಿನಲ್ಲಿ ಯಾರೋ ತೆಗೆದ ಮೂರು ನಿಮಿಷದ ಚಿತ್ರ. ಅರ್ಧ ಮುಗಿಯುವಷ್ಟರಲ್ಲಿ ಅಂಚಿನ ತೂತುಗಳು ಸಾಲಾಗಿ ಹರಿದಿದ್ದವು.

1. ಮೊದಲು ಅಳತೆ ಗುರುತಿಸಿ. 8 ಎಂಎಂ ಫಿಲ್ಮ್ ಬಂದದ್ದು 1932ರಲ್ಲಿ, ಸೂಪರ್ 8 ಬಂದದ್ದು 1965ರಲ್ಲಿ. ತೂತು ಚಿಕ್ಕದಾಗಿ, ಚಿತ್ರದ ಪಕ್ಕ ನಡುಮಧ್ಯಕ್ಕೆ ಇದ್ದರೆ ಸೂಪರ್ 8. ದೊಡ್ಡದಾಗಿ, ಎರಡು ಚಿತ್ರ ಕೂಡುವ ಜಾಗದಲ್ಲಿದ್ದರೆ ಹಳೇ 8.

2. ಮೂಸಿ ನೋಡಿ. ವಿನೆಗರ್‌ನಂಥ ಹುಳಿ ವಾಸನೆ ಬಂದರೆ ಫಿಲ್ಮ್ ಕೊಳೆಯಲು ಶುರುವಾಗಿದೆ. ಆ ಆವಿ ಪಕ್ಕದ ರೀಲುಗಳನ್ನೂ ಕೆಡಿಸುತ್ತದೆ. ಬೇರೆ ಇಡಿ.

3. ಕೈಯಲ್ಲಿ ಪರೀಕ್ಷಿಸಿ. ಎಲ್ಲರೂ ಎಡವುವುದು ಇಲ್ಲೇ. ಕೈಯಿಂದ ತಿರುಗಿಸುವ ರಿವೈಂಡರ್‌ನಲ್ಲಿ (ಒಂದು ರೀಲಿನಿಂದ ಇನ್ನೊಂದಕ್ಕೆ ಫಿಲ್ಮ್ ಸುತ್ತುವ ಸಾಧನ) ನಿಧಾನವಾಗಿ ಸುತ್ತುತ್ತಾ, ಅಂಚುಗಳನ್ನು ಮಾತ್ರ ಎರಡು ಬೆರಳ ನಡುವೆ ಹಗುರಾಗಿ ಹಿಡಿಯಿರಿ. ಹರಿದ ತೂತು ಕಣ್ಣಿಗಿಂತ ಮೊದಲು ಬೆರಳಿಗೆ ತಗಲುತ್ತದೆ. ಹತ್ತಿಯ ಕೈಗವಸು ಬೇಡ, ಹರಿದ ಕಡೆ ನೂಲು ಸಿಕ್ಕಿಕೊಳ್ಳುತ್ತದೆ. ಬಿಗಿಯಾದ ನೈಟ್ರೈಲ್ (ಕೃತಕ ರಬ್ಬರ್) ಗವಸೇ ಒಳ್ಳೆಯದು.

ಜೋಡಿಸಿದ ಕಡೆಯೆಲ್ಲ ನಿಲ್ಲಿಸಿ. ಹಳೇ ಅಂಟು ಒಣಗಿ, ಮುಟ್ಟಿದರೆ ಬಿಟ್ಟುಕೊಳ್ಳುತ್ತದೆ. ಫಿಲ್ಮಿಗೆಂದೇ ಮಾಡಿದ ಟೇಪಿನಿಂದ ಮತ್ತೆ ಜೋಡಿಸಿ. ಕಾಗದಕ್ಕೆ ಹಚ್ಚುವ ಸೆಲ್ಲೋಟೇಪ್ ಮಾತ್ರ ಖಂಡಿತ ಬೇಡ. ಅದರ ಅಂಟು ಪಕ್ಕಕ್ಕೆ ಹರಿದು ಮೇಲಿನ ಸುತ್ತಿಗೂ ಮೆತ್ತಿಕೊಳ್ಳುತ್ತದೆ.

ಇನ್ನು ಕುಗ್ಗಿದೆಯೋ ನೋಡಬೇಕು. ಅದೇ ಅಳತೆಯ ಹೊಸ ಫಿಲ್ಮಿನ ತುಂಡೊಂದನ್ನು ಪಕ್ಕಕ್ಕಿಟ್ಟು, ಮೊದಲ ತೂತುಗಳನ್ನು ಸರಿಯಾಗಿ ಕೂಡಿಸಿ, ನೂರು ತೂತು ಎಣಿಸಿ. ಹಳೆಯದು ಒಂದು ತೂತಿನಷ್ಟು ಹಿಂದೆ ಬಿದ್ದಿದ್ದರೆ ಶೇ 1ರಷ್ಟು ಕುಗ್ಗಿದೆ ಎಂದರ್ಥ. ಇಷ್ಟಾದರೆ ಪ್ರೊಜೆಕ್ಟರಿನ ಹಲ್ಲು ತೂತಿಗೆ ಸರಿಯಾಗಿ ಕೂರುವುದಿಲ್ಲ. ಫಿಲ್ಮ್ ಹರಿಯುವುದು ಇದರಿಂದಲೇ. ಸುತ್ತು ಸಡಿಲ ಅನಿಸಿದರೆ ತುದಿ ಹಿಡಿದು ಎಳೆಯಬೇಡಿ, ಒಳಗಿನ ಪದರಗಳು ಉಜ್ಜಿ ಗೀರು ಬೀಳುತ್ತವೆ. ಇನ್ನೊಮ್ಮೆ ಸುತ್ತಿ.

ಧೂಳನ್ನು ನೂಲು ಬಿಡದ ಒಣ ಬಟ್ಟೆಯಿಂದ ಒರೆಸಿ. ನೀರು ಸೋಕಿಸಬೇಡಿ. ಚಿತ್ರ ಇರುವುದು ಜೆಲಟಿನ್ ಪದರದಲ್ಲಿ, ಅದು ನೀರಿಗೆ ಉಬ್ಬುತ್ತದೆ. ಬೂಸ್ಟು ಹಿಡಿದಿದ್ದರೆ ಲ್ಯಾಬಿಗೇ ಕೊಡಿ.

4. ಸ್ಕ್ಯಾನ್ ಮಾಡಿಸಿ. ಒಂದೊಂದು ಚಿತ್ರವನ್ನೂ ಬೇರೆಬೇರೆಯಾಗಿ ಹಿಡಿಯುವ ಸ್ಕ್ಯಾನರ್ ಇರುವ ಕಡೆ ಹೋಗಿ. ಗೋಡೆ ಮೇಲೆ ಬಿಟ್ಟು ಮೊಬೈಲಿನಲ್ಲಿ ತೆಗೆದರೆ ಮಿನುಗು ಜಾಸ್ತಿ, ನಡುವೆ ಬೆಳಕು, ಅಂಚಿಗೆ ಕತ್ತಲೆ. ಅಗ್ಗದ ಪುಟ್ಟ ಸ್ಕ್ಯಾನರ್‌ಗಳು ಚಿತ್ರದ ಅಂಚನ್ನು ಬಿಟ್ಟು, ಫೈಲನ್ನು ಅತಿಯಾಗಿ ಕುಗ್ಗಿಸಿ ಮಸುಕು ಮಾಡಿಬಿಡುತ್ತವೆ. ವೇಗವನ್ನೂ ಕೇಳಿ. ಹಳೇ 8ಕ್ಕೆ ಸಾಮಾನ್ಯವಾಗಿ ಸೆಕೆಂಡಿಗೆ 16 ಚಿತ್ರ, ಸೂಪರ್ 8ಕ್ಕೆ 18. ಇದಕ್ಕಿಂತ ವೇಗವಾದರೆ ಪ್ರವಾಸಕ್ಕೆ ಹೋದ ಅಜ್ಜಿ ಓಡುತ್ತಿರುವಂತೆ ಕಾಣುತ್ತಾರೆ. ಗಾತ್ರ ಕುಗ್ಗಿಸದ (ಅನ್‌ಕಂಪ್ರೆಸ್ಡ್) ದೊಡ್ಡ ಫೈಲ್ ಒಂದು, ಹಂಚಲು ಎಂಪಿ4 ಒಂದು ಇಟ್ಟುಕೊಳ್ಳಿ.

5. ಹಿರಿಯರ ಜೊತೆ ಕೂತು ನೋಡಿ, ಅವರ ಮಾತನ್ನು ರೆಕಾರ್ಡ್ ಮಾಡಿ. ಚಿತ್ರದಲ್ಲಿ ಕಾಣುವ ಯಂತ್ರದ ಹೆಸರು, ಪಕ್ಕ ನಿಂತವರ ಹೆಸರು ಹೇಳಬಲ್ಲವರು ಅವರೇ ಅಲ್ವಾ.

6. ಸ್ಕ್ಯಾನ್ ಆಯಿತೆಂದು ರೀಲು ಎಸೆಯಬೇಡಿ. ತುಕ್ಕು ಹಿಡಿದ ಡಬ್ಬಿ ಬಿಟ್ಟು ಗಾಳಿಯಾಡುವ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಡಬ್ಬಿಗೆ ಹಾಕಿ, ತಂಪಾದ ಒಣ ಜಾಗದಲ್ಲಿಡಿ. ತೇವಾಂಶ ಶೇ 30ರಿಂದ 50ರೊಳಗಿರಲಿ. ಹಳೇ ಡಬ್ಬಿಯ ಮೇಲೆ ಪೆನ್ಸಿಲಿನಲ್ಲಿ ಏನಾದರೂ ಬರೆದಿದ್ದರೆ ಅದರ ಫೋಟೋ ತೆಗೆದು ಫೈಲುಗಳ ಜೊತೆ ಸೇರಿಸಿ.