ನಿಮ್ಮದೇ ಹೈಲೈಟ್ಸ್ ಹಿಂಗ ಬರೀರಿ

ಪ್ಯಾರಿಸ್ ಒಲಿಂಪಿಕ್ಸ್ 2024ರ ನೆನಪು ಬರೆದಿಡೋದಿದ್ರ ಪದಕದ ಪಟ್ಟಿ ಹಿಡೀಬ್ಯಾಡ್ರಿ, ಅದು ಎಲ್ಲಾ ಕಡೆ ಸಿಗ್ತದ. ನೀವು ಕುರ್ಚಿ ಬಿಟ್ಟು ಎದ್ದ ಗಳಿಗೆ ಹಿಡೀರಿ.

ನನ್ನ ವಹಿಯೊಳಗ ಮೊದಲು ಬ್ರಿಟನ್ ಮ್ಯಾಲಿನ ಹಾಕಿ ಕ್ವಾರ್ಟರ್‌ಫೈನಲ್. ನಮ್ಮ ಅಮಿತ್ ರೋಹಿದಾಸ್‌ಗೆ ರೆಡ್ ಕಾರ್ಡ್, ಆಮ್ಯಾಲೆ ಹತ್ತೇ ಮಂದಿ. ಆದ್ರೂ 1-1, ಶೂಟೌಟ್‌ನ್ಯಾಗ 4-2 ಗೆದ್ವಿ. ಗೋಲ್‌ಕೀಪರ್ ಶ್ರೀಜೇಶ್ ಚೆಂಡು ತಡೆದಾಗ ಕಲಬುರಗಿಯ ನಮ್ಮ ಮನ್ಯಾಗ ಮಂಡಾಳದ ಬುಟ್ಟಿ ಉರುಳಿ, ಉಳ್ಳಾಗಡ್ಡಿ ಚೂರು ಸೋಫಾದ ಸಂದಿಗೆ ಹೋದವು. ಅದನ್ನೂ ಬರೀರಿ.

ಎದುರಾಳಿಗೂ ಜಾಗ ಕೊಡ್ರಿ. ಜಾವೆಲಿನ್‌ನ್ಯಾಗ ನಮ್ಮ ನೀರಜ್ ಚೋಪ್ರಾ 89.45 ಮೀಟರ್ ಎಸೆದ್ರೂ ಪಾಕಿಸ್ತಾನದ ಅರ್ಷದ್ ನದೀಮ್‌ದು 92.97, ಒಲಿಂಪಿಕ್ ದಾಖಲೆ. ನನ್ನ ಪಟ್ಟ್ಯಾಗ ಅದು ಎರಡನೇದು. ಗೆಳೆಯರು ಬೈತಾರ, ಬೈಲಿ.

ಪಟ್ಟಿ ಐದು ಗಳಿಗೆಗೆ ನಿಲ್ಲಸ್ರಿ. ಜಾವೆಲಿನ್ ನಮಗ ನಡುರಾತ್ರಿ ಬಂತು. ಆದ್ರೂ ಮಲಗೋಕಿಂತ ಮುಂಚೆ ಎರಡು ಸಾಲು ಗೀಚ್ರಿ, ಮುಂಜಾನಿ ಪೇಪರ್ ನೋಡೋದು ಆಮ್ಯಾಲೆ.